ಚುಕ್ಕಿಯೂರಿನ ಜನ

ಬೀದಿಯವರೆಲ್ಲ ಅವರನ್ನು ನಕ್ಷೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಜನ್ಮದಲ್ಲಿ ಒಂದು ಮಗುವಿಗೂ ಅವರು ಪಾಠ ಹೇಳಿದವರಲ್ಲ. ಸರ್ಕಾರದ ಭೂಪಟ ಕಚೇರಿಯಲ್ಲಿ ಮೂವತ್ತಾರು ವರ್ಷ ಬೆನ್ನು ಬಾಗಿಸಿ ಕೂತು ನಕ್ಷೆ ಬರೆದು ನಿವೃತ್ತರಾದವರು, ಅಷ್ಟೆ. ಆದರೆ ದಪ್ಪ ಕನ್ನಡಕ, ಜೇಬಿನಲ್ಲಿ ಮೂರು ಪೆನ್ನು, ಮಾತಿಗೆ ಮುಂಚೆ ಒಮ್ಮೆ ಕೆಮ್ಮುವ ಅಭ್ಯಾಸ, ಇಷ್ಟಿದ್ದವರನ್ನು ಜನ ಮೇಷ್ಟ್ರು ಮಾಡದೆ ಬಿಡುವುದಿಲ್ಲ.

ಆ ಕಚೇರಿಯಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ನಕ್ಷೆ ಬರೆದವನು ಪ್ರತಿ ಹಾಳೆಯಲ್ಲೂ ಬೇಕೆಂದೇ ಒಂದು ಸಣ್ಣ ಸುಳ್ಳು ಸೇರಿಸಬೇಕು. ಇಲ್ಲದ ಒಂದು ಬಾವಿ, ಎಲ್ಲಿಗೂ ಹೋಗದ ಒಂದು ಕಾಲುದಾರಿ, ಇಲ್ಲವೇ ಯಾರೂ ವಾಸವಿಲ್ಲದ ಒಂದು ಹಳ್ಳಿ. ಅದಕ್ಕೆ ಅವರೊಳಗೆ ಕಳ್ಳಗುರುತು ಎಂದು ಹೆಸರು. ಯಾರಾದರೂ ನಕ್ಷೆಯನ್ನು ಕದ್ದು ನಕಲು ಮಾಡಿದರೆ ಈ ಸುಳ್ಳೂ ಜೊತೆಗೇ ನಕಲಾಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಯಾವ ಹಾಳೆಯಲ್ಲಿ ಎಲ್ಲಿ ಏನು ಇಟ್ಟೆ ಎಂದು ಚೀಟಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಮೇಲಧಿಕಾರಿಗೆ ಕೊಡಬೇಕು. ಹೊರಗೆ ಬಾಯಿ ಬಿಡುವಂತಿಲ್ಲ.

ಮದುವೆಯಾಗಿ ಎರಡು ತಿಂಗಳಾಗಿದ್ದಾಗ ಮೇಷ್ಟ್ರ ಮೇಜಿಗೆ ಗಡಿಯ ಹಾಳೆಯೊಂದು ಬಂದಿತ್ತು. ಎರಡು ತೊರೆ, ನಡುವೆ ಬರೀ ಬಂಡೆ ಮತ್ತು ಮುಳ್ಳುಪೊದೆ. ಗಡಿ ಯಾವ ತೊರೆಯ ಮೇಲೆ ಹಾದುಹೋಗುತ್ತದೆಂದು ನಮ್ಮವರೂ ಆಚೆಯವರೂ ತೀರ್ಮಾನಿಸಿರಲಿಲ್ಲ, ತೀರ್ಮಾನಿಸುವ ಗರಜೂ ಆಗ ಯಾರಿಗೂ ಇರಲಿಲ್ಲ. ಹೊಸ ಹೆಂಡತಿಯ ಎಡಗೆನ್ನೆಯ ಮೇಲೆ ಒಂದು ಮಚ್ಚೆ. ಯಾರೂ ಇಲ್ಲದಾಗ ಮೇಷ್ಟ್ರು ಅವಳನ್ನು ಚುಕ್ಕಿ ಎನ್ನುತ್ತಿದ್ದರು. ಪ್ರಾಯದ ಹುಚ್ಚು ನೋಡಿ, ಆ ಬಂಡೆಗಳ ನಡುವೆ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಚುಕ್ಕಿಯೂರು ಎಂದು ಬರೆದುಬಿಟ್ಟರು. ಸಂಜೆ ಮನೆಗೆ ಬಂದು ಹೆಂಡತಿಗೂ ಹೇಳಿಬಿಟ್ಟರು. ನಿಯಮ ಮುರಿದದ್ದು ಇಡೀ ನೌಕರಿಯಲ್ಲಿ ಅದೊಂದೇ ಸಲ.

ಆಕೆ ಅದನ್ನು ಮೂವತ್ತೊಂದು ವರ್ಷ ಬಿಡಲಿಲ್ಲ. ಗಂಡ ರೇಗಿದರೆ ಸಾಕು, "ನಾನು ನನ್ನೂರಿಗೆ ಹೋಗ್ತೀನಿ, ನೀವೇ ಬರೆದುಕೊಟ್ಟಿದ್ದೀರಲ್ಲ" ಎನ್ನುತ್ತಿದ್ದಳು. ಮಗ ಸಣ್ಣವನಿದ್ದಾಗ ಆ ಊರಿನಲ್ಲಿ ಅಜ್ಜಿ ಇದ್ದಾಳಾ ಎಂದು ಕೇಳಿ ಕೇಳಿ ಪ್ರಾಣ ತಿನ್ನುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಮಗ ಈಗ ಇಪ್ಪತ್ತೆಂಟರ ಗಂಡಸು, ನಗರ ಸಾರಿಗೆ ಬಸ್ಸಿನ ಡ್ರೈವರು. ರೇಡಿಯೋ ತನ್ನ ಪಾಡಿಗೆ ತಾನು ಹೇಳುತ್ತಿತ್ತು. ಗಡಿಯಾಚೆಯ ಸೈನಿಕರು ಚುಕ್ಕಿಯೂರಿನಲ್ಲಿ ಕಾವಲು ಠಾಣೆ ಹಾಕಿದ್ದಾರೆ. ಅಲ್ಲಿರುವ ನಮ್ಮ ಸಾವಿರದ ನೂರು ಮಂದಿ ಅಣ್ಣತಮ್ಮಂದಿರು, ಅಕ್ಕತಂಗಿಯರು ನೀರಿಲ್ಲದೆ, ಮಾನವಿಲ್ಲದೆ ನರಳುತ್ತಿದ್ದಾರೆ. ಅವರ ಕಣ್ಣೀರಿಗೆ ದೇಶ ಉತ್ತರ ಕೊಡಲಿದೆ.

ಮೇಷ್ಟ್ರ ಕೈಯ ತುತ್ತು ಕೈಯಲ್ಲೇ ನಿಂತಿತು. ಮಗ ಅಮ್ಮನ ಮುಖ ನೋಡಿ ಕಿಸಕ್ಕನೆ ನಕ್ಕ.

"ಅಮ್ಮಾ, ನಿನ್ನೂರು."

"ಸಾವಿರದ ನೂರು ಜನಾನಾ?" ಎಂದಳು ಆಕೆ. "ನನಗೆ ಗೊತ್ತಿಲ್ಲದ ಹಾಗೆ ಇಷ್ಟೊಂದು ನೆಂಟರು ಯಾವಾಗ ಹುಟ್ಟಿಕೊಂಡ್ರು?"

ಆ ನಗು ಮಂಗಳವಾರದವರೆಗೆ ಬಾಳಿತು. ಮಂಗಳವಾರ ಬಸ್ ಡಿಪೋದಲ್ಲಿ ನೋಟೀಸು ಅಂಟಿಸಿದರು. ಮೂವತ್ತೈದು ದಾಟದ ಡ್ರೈವರುಗಳೆಲ್ಲ ಸೇನೆಯ ಲಾರಿ ಓಡಿಸಲು ಹದಿನೈದು ದಿನದೊಳಗೆ ಹಾಜರಾಗಬೇಕು. ಇಪ್ಪತ್ಮೂರು ಹೆಸರು, ಒಂಬತ್ತನೆಯದು ಇವರ ಮಗನದು.

ಆಕೆ ಕೂಗಾಡಲಿಲ್ಲ. ನೋಟೀಸಿನ ವಿಷಯ ಕೇಳಿ ಗಂಡನಿಗೆ ಹೇಳಿದಳು, "ಅಲ್ಲಿ ನನ್ನ ಹೆಸರು ಬರೆದೋರು ನೀವು. ಹೋಗಿ ಅಳಿಸಿಬಿಟ್ಟು ಬನ್ನಿ."

ಮೇಷ್ಟ್ರು ಹೊರಟರು. ಇಷ್ಟಕ್ಕೂ ಅವರ ಕೈಯಲ್ಲಿ ಅಲ್ಲದೆ ಇನ್ನಾರ ಕೈಯಲ್ಲಿತ್ತು ಅದು? ಒಂದು ಮಾತು ಹೇಳಿದರೆ ಆಯಿತು, ಲಕೋಟೆ ತೆಗೆದು ತೋರಿಸಿದರೆ ಆಯಿತು, ತಪ್ಪು ತಿಳುವಳಿಕೆ ತೀರಿ ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ ಎಂದು ದಾರಿಯುದ್ದಕ್ಕೂ ಅಂದುಕೊಂಡರು. ಪಾಪ, ಕಾಗದವನ್ನು ನಂಬಿ ಬದುಕಿದ ಮನುಷ್ಯ.

ಕಚೇರಿಯ ಮುಖ್ಯಸ್ಥ ಈಗ ರಬ್ಬರ್. ಅದು ಅವನ ಅಡ್ಡಹೆಸರು. ಮೇಷ್ಟ್ರ ಕೆಳಗೆ ಕೆಲಸ ಕಲಿಯುವಾಗ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚೆಂದು ಬಂದದ್ದು. ಅವನು ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಬಾಗಿಲು ಮುಚ್ಚಿದ, ಮೇಷ್ಟ್ರು ಕೆಮ್ಮುವ ಮೊದಲೇ ಬೀರುವಿನಿಂದ ಒಂದು ಹಳೆಯ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಅಂಟು ಬಿಚ್ಚಿತ್ತು.

"ನೀವು ಬರ್ತೀರಿ ಅಂತ ಗೊತ್ತಿತ್ತು ಸಾರ್. ನಾನೇ ಇದನ್ನ ಮೇಲಕ್ಕೆ ಕಳಿಸಿದ್ದೆ. ವಾಪಸ್ ಬಂತು. ಯುದ್ಧ ಮುಗಿದ ಮೇಲೆ ಪರಿಶೀಲಿಸಬಹುದು ಅಂತ ಷರಾ ಬರೆದಿದ್ದಾರೆ, ನೋಡಿ."

"ಹಾಗಾದ್ರೆ ಮೇಲಿನವರಿಗೆ ಗೊತ್ತು?"

"ಒಬ್ಬಿಬ್ಬರಿಗೆ ಗೊತ್ತು. ಕೆಲವರಿಗೆ ಗೊತ್ತಾಗೋದು ಬೇಕಿಲ್ಲ. ಉಳಿದವರು ನಿಜವಾಗ್ಲೂ ನಂಬಿದ್ದಾರೆ ಸಾರ್, ಅವರೇ ಜಾಸ್ತಿ. ಆ ತೊರೆಗಳ ಹತ್ತಿರ ಒಂದು ದಿಣ್ಣೆ ಇದೆಯಲ್ಲ, ಅದರ ಮೇಲೆ ನಿಂತ್ರೆ ಎರಡೂ ದೇಶದ ರಸ್ತೆ ಕಾಣುತ್ತೆ. ಬೇಕಾಗಿರೋದು ಅದು. ಆದ್ರೆ ಒಂದು ದಿಣ್ಣೆಗೋಸ್ಕರ ಮಗನ್ನ ಕಳಿಸಿಕೊಡಿ ಅಂದ್ರೆ ಯಾವ ತಾಯಿ ಕೊಡ್ತಾಳೆ? ಅದಕ್ಕೆ ಊರು ಬೇಕು. ಊರಲ್ಲಿ ಅಳೋ ಜನ ಬೇಕು."

"ಆಚೆಯವರಾದ್ರೂ ಹೇಳಬಹುದಲ್ಲ, ಅಲ್ಲಿ ಊರೇ ಇಲ್ಲ ಅಂತ?"

ರಬ್ಬರ್ ಕೆಳಗಿನ ಖಾನೆಯಿಂದ ಮಡಿಸಿದ ಹಾಳೆಯೊಂದನ್ನು ಬಿಡಿಸಿದ. ಆಚೆಯ ದೇಶದವರು ಅಚ್ಚು ಹಾಕಿಸಿದ ನಕ್ಷೆ. ಎರಡು ತೊರೆ, ನಡುವೆ ಬಂಡೆ, ಬಂಡೆಗಳ ನಡುವೆ ಅದೇ ಚುಕ್ಕಿ, ಮೇಷ್ಟ್ರ ಹೆಂಡತಿಯ ಕೆನ್ನೆಯ ಮಚ್ಚೆ, ಇಟ್ಟ ಜಾಗದಲ್ಲೇ ಇತ್ತು. ಪಕ್ಕದಲ್ಲಿ ಅವರ ಭಾಷೆಯಲ್ಲಿ ಒಂದು ಹೆಸರು.

"ಕದ್ದರು ಸಾರ್. ಇಪ್ಪತ್ತು ವರ್ಷದ ಹಿಂದೇನೇ. ನಿಮ್ಮ ಗುರುತು ಕೆಲಸ ಮಾಡ್ತು. ಅವರ ರೇಡಿಯೋ ಕೇಳಿದ್ರಾ? ಅವರ ಲೆಕ್ಕದಲ್ಲಿ ಅಲ್ಲಿರೋದು ಒಂಬೈನೂರು ಜನ. ಎಲ್ಲರೂ ಅವರ ಅಕ್ಕತಂಗಿಯರೇ."

ಕಳ್ಳನನ್ನು ಹಿಡಿದುಕೊಟ್ಟೆ ಎಂದು ಬೇರೆ ದಿನವಾಗಿದ್ದರೆ ಮೇಷ್ಟ್ರು ಬೀಗುತ್ತಿದ್ದರು. ಈಗ ಆ ಹಾಳೆಯನ್ನು ಮಡಿಸಿ ದೂರ ಸರಿಸಿದರು. ಸುಳ್ಳನ್ನು ಬರೆದವರೂ ಅದನ್ನೇ ನಂಬಿ, ಕದ್ದವರೂ ಅದನ್ನೇ ನಂಬಿದರೆ ಇನ್ನು ಯಾರ ಹತ್ತಿರ ಹೋಗಿ ಹೇಳುವುದು?

"ನೀನು ಬಾಯಿ ಬಿಡಬಹುದಲ್ಲಯ್ಯಾ."

ರಬ್ಬರ್ ತಲೆ ತಗ್ಗಿಸಿದ. "ಮಗಳು ಸೇನೆಯ ಆಸ್ಪತ್ರೆಯಲ್ಲಿ ನರ್ಸು. ನಿನ್ನೆ ಹೊರಟಳು. ಅಪ್ಪಾ, ಪಾಪದ ಜನರಿಗೋಸ್ಕರ ಹೋಗ್ತಿದ್ದೀನಿ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದಳು. ಅವಳಿಗೇ ಹೇಳೋಕೆ ಆಗಲಿಲ್ಲ ನನ್ನ ಕೈಲಿ." ಬಾಯಿಗೆ ಬಂದಂತೆ ಬೈಯಬೇಕೆಂದು ಹೋಗಿದ್ದ ಮೇಷ್ಟ್ರು ಅವನ ಭುಜ ತಟ್ಟಿ ಎದ್ದು ಬಂದರು.

ಸಂಜೆ ಬೀದಿಯ ಮೂಲೆಯ ದರ್ಜಿಯ ಅಂಗಡಿಯಲ್ಲಿ ಗುಂಪು ಸೇರಿತ್ತು. ಚುಕ್ಕಿಯೂರಿನವರಿಗೆಂದು ಕಂಬಳಿ, ಬಟ್ಟೆ ಒಟ್ಟು ಮಾಡುತ್ತಿದ್ದರು. ದರ್ಜಿಯ ಮಗನೂ ಅದೇ ಡಿಪೋದ ಡ್ರೈವರು, ನೋಟೀಸಿನಲ್ಲಿ ಹತ್ತನೆಯ ಹೆಸರು. ದರ್ಜಿ ಮಕ್ಕಳ ಅಳತೆಯ ಅಂಗಿಗಳನ್ನು ಬಿಟ್ಟಿಯಾಗಿ ಹೊಲಿದು ರಾಶಿ ಹಾಕಿದ್ದ. ತನ್ನ ಅಜ್ಜಿಯ ಅಜ್ಜಿ ಚುಕ್ಕಿಯೂರಿನವಳೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹಿಂದೆಂದೂ ಹೇಳಿದವನಲ್ಲ. ಆದರೆ ಅವನು ಬುರುಡೆ ಬಿಡುತ್ತಿರಲಿಲ್ಲ. ಮಗನನ್ನು ಕಳಿಸಬೇಕಾದ ಅಪ್ಪನಿಗೆ ಒಂದು ಕಾರಣ ಬೇಕಿತ್ತು, ಹುಡುಕಿದ, ಸಿಕ್ಕಿತು.

ಮೇಷ್ಟ್ರು ಕೆಮ್ಮಿ ಎಲ್ಲವನ್ನೂ ಹೇಳಿದರು. ಕಳ್ಳಗುರುತು, ಲಕೋಟೆ, ಹೆಂಡತಿಯ ಮಚ್ಚೆ, ಒಂದನ್ನೂ ಬಿಡಲಿಲ್ಲ.

ಹೊಲಿಗೆ ಯಂತ್ರ ನಿಂತಿತು. ದರ್ಜಿ ಅವರನ್ನೇ ನೋಡಿದ. "ಹಾಗಾದ್ರೆ ನಿನ್ನೆ ರೇಡಿಯೋದಲ್ಲಿ ಚುಕ್ಕಿಯೂರಿನವಳು ಅಂತ ಅಳ್ತಾ ಮಾತಾಡಿದ ಆ ಹೆಂಗಸು?"

"ನನಗೆ ಗೊತ್ತಿಲ್ಲ. ಯಾರೋ ಪಾಪ, ಬೇರೆ ಎಲ್ಲೋ ಏನೋ ಕಳಕೊಂಡಿರಬೇಕು."

ಯಾರೂ ಅವರ ಮೇಲೆ ಕೈ ಎತ್ತಲಿಲ್ಲ, ದೇಶದ್ರೋಹಿ ಎನ್ನಲಿಲ್ಲ. ಹಾಗೆ ಅಂದಿದ್ದರೇ ಚೆನ್ನಾಗಿತ್ತು. ದರ್ಜಿ ಎದ್ದು ಬಂದು ಅವರ ಕೈ ಹಿಡಿದುಕೊಂಡ. "ಮಗ ಹೋಗ್ತಾನೆ ಅಂತ ನಿಮಗೆ ಸಂಕಟ. ನನಗೂ ಅಷ್ಟೇ ಮೇಷ್ಟ್ರೇ. ನಾನೂ ಎರಡು ದಿನದಿಂದ ಏನೇನೋ ಮಾತಾಡ್ತಿದ್ದೀನಿ." ಯಾರೋ ಚಹಾ ತರಿಸಿದರು. ಇನ್ಯಾರೋ ಮನೆಯವರೆಗೆ ಜೊತೆಗೆ ಬಂದು ಬಿಟ್ಟುಹೋದರು. ಮೇಷ್ಟ್ರಿಗೆ ಅಂದು ಬಂದಷ್ಟು ಅಳು ತಂದೆ ತೀರಿಕೊಂಡ ದಿನವೂ ಬಂದಿರಲಿಲ್ಲ.

ಮಗನೊಬ್ಬ ಮಾತ್ರ ನಂಬಿದ. ನಂಬಿಯೂ ಪೆಟ್ಟಿಗೆಯಲ್ಲಿ ಬಟ್ಟೆ ಜೋಡಿಸುತ್ತಲೇ ಇದ್ದ.

"ಅಲ್ಲೇನೂ ಇಲ್ಲ ಕಣೋ. ಬರೀ ಕಲ್ಲು," ಎಂದರು ಮೇಷ್ಟ್ರು, ನೂರನೆಯ ಸಲ.

"ಗೊತ್ತಪ್ಪ. ಅಮ್ಮನ ಊರು ನನಗೆ ಗೊತ್ತಿಲ್ವಾ?"

"ಮತ್ಯಾಕೆ ಹೋಗ್ತೀಯ?"

ಅವನು ಒಂದು ಅಂಗಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಇಪ್ಪತ್ತೆರಡು ಜನ ಹೋಗ್ತಿದ್ದಾರೆ. ನಾನೊಬ್ಬ ಮನೇಲಿ ಕೂತ್ರೆ ನಾಳೆ ಡಿಪೋದಲ್ಲಿ ಯಾರ ಮುಖ ನೋಡಲಿ? ದರ್ಜಿ ಮಾಮನ ಮಗ ಘಟ್ಟದ ರಸ್ತೇಲಿ ಗಾಡಿ ಓಡಿಸಿದೋನೇ ಅಲ್ಲ. ಅವನ ಹಿಂದೆ ಯಾರಾದ್ರೂ ಇರಬೇಕಲ್ಲ." ಇಷ್ಟು ಹೇಳಿ ನಕ್ಕ. "ರೇಡಿಯೋದವರು ಏನಾದ್ರೂ ಹೇಳಿಕೊಳ್ಳಲಿ. ನಾವು ಹೋಗೋದು ಒಬ್ಬರಿಗೋಸ್ಕರ ಒಬ್ಬರು."

ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗನ ತಲೆ ಸವರಿ, ಗಂಡನ ಕಡೆ ನೋಡದೆ ಒಳಗೆ ಹೋದಳು.

ಯುದ್ಧ ಎಪ್ಪತ್ತನಾಲ್ಕು ದಿನ ನಡೆಯಿತು. ಅಷ್ಟೂ ದಿನ ಗಂಡ ಹೆಂಡಿರ ನಡುವೆ ಬೇಕಾದಷ್ಟೇ ಮಾತು. ಬೀದಿಯಲ್ಲಿ ಮಕ್ಕಳು ಚುಕ್ಕಿಯೂರು ನಮ್ಮದು ಎಂದು ಕೂಗಿಕೊಂಡು ಹೋದರೆ ಆಕೆ ಕಿಟಕಿ ಮುಚ್ಚುತ್ತಿದ್ದಳು. ತನ್ನ ಹೆಸರನ್ನು ಗಂಡನೊಬ್ಬನ ಬಾಯಲ್ಲಿ ಮಾತ್ರ ಕೇಳಿದ್ದವಳು ಅವಳು. ಮೇಷ್ಟ್ರೂ ಅವಳನ್ನು ಹಾಗೆ ಕರೆಯುವುದನ್ನು ಬಿಟ್ಟರು.

ಎಪ್ಪತ್ತೈದನೆಯ ದಿನ ಕದನವಿರಾಮ. ಗೆದ್ದೆವು ಎಂದು ಎರಡೂ ರೇಡಿಯೋಗಳು ಹೇಳಿದವು. ಗಡಿ ಎಲ್ಲಿತ್ತೋ ಅಲ್ಲೇ ಇತ್ತು, ಅಂದರೆ ಎಲ್ಲಿಯೂ ಇರಲಿಲ್ಲ.

ಮಗ ಬಂದ. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ, ಉಳಿದದ್ದೆಲ್ಲ ಇತ್ತು. ತಾಯಿ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಮೂರನೆಯ ದಿನ ಅವನು ತಾನಾಗಿ ಬಾಯಿ ಬಿಟ್ಟ.

"ಊರು ಹುಡುಕಿದ್ವಿ ಅಪ್ಪ. ಎರಡು ದಿನ ಹುಡುಕಿದ್ವಿ. ಲಾರಿ ತುಂಬ ಕಂಬಳಿ, ಮಕ್ಕಳ ಅಂಗಿ. ಕೊಡೋಕೆ ಒಬ್ಬರೂ ಸಿಗಲಿಲ್ಲ. ಮೂರನೇ ದಿನ ಆಚೆಯವರು ಎದುರಿಗೆ ಬಂದ್ರು. ಅವರ ಲಾರಿಯಲ್ಲೂ ಅಂಗಿ ಇತ್ತು. ಅವರೂ ಹುಡುಕ್ತಾ ಇದ್ರು." ನೀರು ಕುಡಿದು ಮುಂದುವರಿಸಿದ. "ನಮ್ಮೋರು ಸತ್ತಿದ್ದು ನಲವತ್ತೊಂದು ಜನ. ಅವರದು ಮೂವತ್ತೆಂಟು. ಹೊತ್ಕೊಂಡು ಬರೋಕೆ ದಾರಿ ಇರಲಿಲ್ಲ, ಎರಡೂ ಕಡೆಯವರನ್ನ ಅಲ್ಲೇ ಹೂಣಿದ್ವಿ. ಕಲ್ಲಿಗೇನು ಬರ. ದರ್ಜಿ ಮಾಮನ ಮಗನ್ನ ನಾನೇ ಗುಂಡಿಗೆ ಇಳಿಸಿದ್ದು."

ದರ್ಜಿ ಅದಾದ ಮೇಲೆ ದಿನಾ ಸಂಜೆ ಮೇಷ್ಟ್ರ ಮನೆಗೆ ಬರತೊಡಗಿದ. ಕಳ್ಳಗುರುತಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಮೇಷ್ಟ್ರು ಆ ಗಡಿ ಹಾಳೆಯ ಹಳೆಯ ಅಚ್ಚುಪ್ರತಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರೆ ಚುಕ್ಕಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದ. "ಇಲ್ಲೇ ಅಲ್ವಾ ಮೇಷ್ಟ್ರೇ?" "ಇಲ್ಲೇ." "ತೊರೆಯಿಂದ ಎಷ್ಟು ದೂರ?" ಮೇಷ್ಟ್ರು ಅಳತೆಪಟ್ಟಿ ಇಟ್ಟು ಹೇಳುತ್ತಿದ್ದರು. ಮರುದಿನ ಅವನು ಅದನ್ನೇ ಮತ್ತೆ ಕೇಳುತ್ತಿದ್ದ, ಇವರು ಮತ್ತೆ ಅಳೆದು ಹೇಳುತ್ತಿದ್ದರು.

ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ ರಬ್ಬರ್ ಮನೆಗೆ ಬಂದ. ಕಂಕುಳಲ್ಲಿ ಸುತ್ತಿದ ಹಾಳೆ, ಮುಖದಲ್ಲಿ ಏನೋ ಒಂದು ಒಳ್ಳೆಯ ಸುದ್ದಿ ತಂದವನ ಕಳೆ.

"ನೀವು ಗೆದ್ರಿ ಸಾರ್. ಗಡಿಯ ಹಾಳೆಯ ಹೊಸ ಆವೃತ್ತಿ ಬರ್ತಾ ಇದೆ. ಸದ್ದಿಲ್ಲದೆ ಆ ಊರನ್ನ ತೆಗೆದುಬಿಡಿ ಅಂತ ಮೇಲಿಂದ ಆದೇಶ ಬಂದಿದೆ. ಆಚೆಯವರೂ ತೆಗೀತಾರಂತೆ, ಮಾತಾಡಿಕೊಂಡಿದ್ದಾರೆ. ಮೂಲ ಹಾಳೆ ತಂದಿದ್ದೀನಿ. ನೀವು ಇಟ್ಟದ್ದು, ನಿಮ್ಮ ಕೈಯಾರೆ ಅಳಿಸಿದ್ರೆ ನಿಮಗೂ ಮನಸ್ಸು ಹಗುರಾಗುತ್ತೆ ಅಂತ."

ಹಾಳೆಯನ್ನು ಬಿಡಿಸಿ, ಕೆರೆಯುವ ಸಣ್ಣ ಅಲಗನ್ನು ಪಕ್ಕದಲ್ಲಿಟ್ಟ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮೂವತ್ತೊಂದು ವರ್ಷದ ಹಿಂದಿನ ಮಸಿ ಇನ್ನೂ ಕಪ್ಪಾಗಿಯೇ ಇತ್ತು. ಇದನ್ನು ಅಳಿಸಲೆಂದು ಎಷ್ಟು ಓಡಾಡಿದ್ದರು, ಯಾರ ಯಾರ ಮುಂದೆ ಹೇಳಿ ಸಣ್ಣವರಾಗಿದ್ದರು.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಹಾಳೆ ನೋಡಿದಳು, ಅಲಗು ನೋಡಿದಳು. ಎಷ್ಟೋ ದಿನದ ಮೇಲೆ ಗಂಡನ ಮುಖವನ್ನೂ ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಚುಕ್ಕಿಯ ಕೆಳಗೆ, ಜನಸಂಖ್ಯೆ ಬರೆಯುವ ಜಾಗದಲ್ಲಿ, ಎಪ್ಪತ್ತೊಂಬತ್ತು ಎಂದು ಅಂಕಿಯಲ್ಲಿ ಬರೆದರು. ಮಸಿ ಆರುವವರೆಗೆ ಕಾದು ಹಾಳೆಯನ್ನು ಸುತ್ತಿ ರಬ್ಬರ್‌ನ ಕೈಗೆ ಕೊಟ್ಟರು.

"ಈಗ ಅಳಿಸೋಕೆ ಬರಲ್ಲಯ್ಯ," ಎಂದರು. "ಅಲ್ಲಿ ಜನ ಇದ್ದಾರೆ."