ನಳಿಕೆಯಲ್ಲಿ ಹೆಪ್ಪುಗಟ್ಟಿದ ಕೊಬ್ಬು

ಆ ಬುಧವಾರ ಬೆಳಿಗ್ಗೆ ಗಾಳಿ ಉಸಿರು ಹಿಡಿದು ನಿಂತಂತಿತ್ತು. ನಾರಿನ್ ಕಣಿವೆಯಲ್ಲಿ ಫೆಬ್ರವರಿಯ ಚಳಿ ಎಂದರೆ ಹಾಗೆಯೇ. ಒಲೆಗಳ ಹೊಗೆ ಅತ್ತಿತ್ತ ಬಾಗದೆ ನೆಟ್ಟಗೆ ಮೇಲೇರುತ್ತಿತ್ತು. ತೊರೆಯ ಮೇಲೆಲ್ಲ ಮಂಜುಗಡ್ಡೆ ಕಟ್ಟಿತ್ತು. ಕೊಟ್ಟಿಗೆಯ ಹಸುವಿನ ಮೂತಿಯ ಕೂದಲು ಕೂಡ ಬೆಳ್ಳಗಾಗಿ ಸೆಟೆದಿತ್ತು.

ಹಿರಿಯಳೆಂದು ಮನೆಯವರೂ ಊರವರೂ ಆಪಾ ಎನ್ನುತ್ತಿದ್ದ ಬುರುಲ್ ನಸುಕಿನ ನಮಾಜು ಮುಗಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಕಿವಿ ಮೆಷಿನ್ನನ್ನು ತೆಗೆದು ಬಲಗಿವಿಗೆ ಹಾಕಿಕೊಂಡಳು. ಒಲೆಯ ಮೇಲೆ ಕೆಟಲಿನ ಮುಚ್ಚಳ ಕುಣಿಯುತ್ತಿತ್ತು. ಅದರ ಸದ್ದು ಮಾತ್ರ ಕೇಳಲಿಲ್ಲ. ನಿನ್ನೆ ಕೇಳಿತ್ತು. ನೀರು ಕುದಿಯಲು ಇನ್ನೂ ಹೊತ್ತು ಬೇಕೇನೋ ಎಂದುಕೊಂಡು, ಒಲೆಯ ಕಡೆ ನೋಡದೆ ತಕಲಿ ಹಿಡಿದು ಉಣ್ಣೆ ನೂಲಲು ಕುಳಿತಳು.

ಅವಳಿಗೆ ಕಿವಿ ಮಂದವಾಗತೊಡಗಿ ಏಳು ವರ್ಷವಾಗಿತ್ತು. ಮಗ ಮದುವೆಯಾಗಿ ಸೊಸೆ ಮಿರ್ಜಾಗುಲ್ ಮನೆಗೆ ಬಂದು ನಾಲ್ಕು ವರ್ಷ. ಆ ಊರಿನಲ್ಲಿ ಸೊಸೆಯಾದವಳು ಅತ್ತೆಯ ಎದುರು ದನಿ ಏರಿಸುವಂತಿಲ್ಲ. ಕಿವುಡು ಅತ್ತೆಯಾದರೂ ಅಷ್ಟೇ. ಮಿರ್ಜಾಗುಲ್ ಒಳ್ಳೆಯ ಮನೆಯಿಂದ ಬಂದವಳು, ನಾಲ್ಕು ವರ್ಷವೂ ತಗ್ಗಿದ ದನಿಯಲ್ಲೇ ಮಾತನಾಡಿದಳು. ಅತ್ತೆ ಆ ನಾಲ್ಕು ವರ್ಷದ ಮಾತಿನಲ್ಲಿ ಒಂದನ್ನೂ ಕೇಳಿರಲಿಲ್ಲ. ಕೈಸನ್ನೆಯಲ್ಲಿ ಚಹಾ ಬಂತು, ಕೈಸನ್ನೆಯಲ್ಲಿ ಊಟ ಬಂತು. ಇಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಹತ್ತು ದಿನದ ಹಿಂದೆ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿ ಈ ಮೆಷಿನ್ನು ಕೊಟ್ಟಿದ್ದರು. ಕಿವಿಯ ಹಿಂದೆ ಕೂರುವ ಬಾಗಿದ ಪುಟ್ಟ ಮೆಷಿನ್ನು, ಅದರಿಂದ ಹೊರಟ ಒಂದು ಮೆತ್ತನೆಯ ನಳಿಕೆ, ನಳಿಕೆಯ ತುದಿಗೆ ಅವಳ ಕಿವಿಯದೇ ಅಳತೆ ತೆಗೆದು ಮಾಡಿದ ಅಚ್ಚು. ಮೊದಲ ಸಂಜೆಯೇ ಸೊಸೆ ಮೊಮ್ಮಗಳು ಸೆಜಿಮ್‌ಳನ್ನು ತೊಟ್ಟಿಲಿಗೆ ಹಾಕುತ್ತ ಗುನುಗುತ್ತಿದ್ದುದು ಬುರುಲ್‌ಗೆ ಕೇಳಿಸಿತು. 'ಇವಳ ದನಿ ಹೀಗಿದೆಯೇ!' ಎಂದು ಅವಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು.

ಅದಾದ ಮೇಲೆಯೇ ಮನೆಯಲ್ಲಿ ಒಂದು ಮಾತಾಯಿತು. ಮಿರ್ಜಾಗುಲ್ ಶಾಲೆಯ ಟೀಚರು. ಬಾಣಂತಿ ರಜೆ ಮುಗಿದು ಬರುವ ಸೋಮವಾರ ಕೆಲಸಕ್ಕೆ ಹೋಗಬೇಕು. ಮಗ ಚಳಿಗಾಲದ ಹುಲ್ಲುಗಾವಲಿನಲ್ಲಿ ಕುರಿಗಳ ಜೊತೆ ಇರುತ್ತಾನೆ. "ಮಗೂನ ನಾನು ನೋಡ್ಕೋತೀನಿ, ನೀನು ಹೋಗು," ಎಂದಿದ್ದಳು ಬುರುಲ್. ತನ್ನ ಮೊದಲ ಮೊಮ್ಮಗಳನ್ನು ತೂಗುವುದು ಅವಳ ಹಕ್ಕು. ಆ ಹಕ್ಕು ಕಿವಿಯ ಜೊತೆಗೇ ಹೋಯಿತೆಂದುಕೊಂಡಿದ್ದಳು, ಮತ್ತೆ ಬಂದಿತ್ತು.

ಆದರೆ ಅಚ್ಚು ಕಿವಿಯೊಳಗೆ ಒತ್ತುತ್ತಿತ್ತು. ಪಕ್ಕದ ಮನೆಯ ಕಾಲಿಚಾ ಈ ಸೋಮವಾರ ಬಂದವಳು, "ಒತ್ತಿದ್ರೆ ಬಾಲದ ಕೊಬ್ಬು ಹಚ್ಚು. ಬೂಟಿಗೆ ಹಚ್ಚಲ್ವಾ, ಕುದುರೆ ತಡಿಯ ಪಟ್ಟಿಗೆ ಹಚ್ಚಲ್ವಾ?" ಎಂದಳು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕುರಿಯ ದಪ್ಪ ಬಾಲದ ಕೊಬ್ಬು ಆ ಮನೆಗಳಲ್ಲಿ ಬಿರಿದ ತುಟಿಗೂ ಔಷಧಿ, ಕಿರುಗುಟ್ಟುವ ಬಾಗಿಲಿಗೂ ಔಷಧಿ. ಬುರುಲ್ ಎರಡು ರಾತ್ರಿ ಮಲಗುವ ಮುನ್ನ ಅಚ್ಚಿಗೆ ಚೆನ್ನಾಗಿ ಕೊಬ್ಬು ತಿಕ್ಕಿ ತಣ್ಣನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು.

ಬುಧವಾರ ಬೆಳಿಗ್ಗೆ ಮಿರ್ಜಾಗುಲ್ ಹಾಲು ಕರೆಯಲು ಹೋದಳು. ಬುರುಲ್ ಬೆಳಕಿಗಾಗಿ ಕಿಟಕಿಯ ಕಡೆ ಮುಖ ಮಾಡಿ ನೂಲುತ್ತಿದ್ದಳು. ತೊಟ್ಟಿಲು ಬೆನ್ನ ಹಿಂದೆ ಮೂರು ಮಾರು ದೂರದಲ್ಲಿತ್ತು. ಅಲ್ಲಿಯ ಪದ್ಧತಿಯಂತೆ ಮಗುವಿನ ಕೈಕಾಲನ್ನು ಪಟ್ಟಿಯಲ್ಲಿ ಕಟ್ಟಿತ್ತು. ಮೇಲೆ ಹೊದಿಸಿದ್ದ ದಪ್ಪ ಬಟ್ಟೆ ಯಾವಾಗಲೋ ಜಾರಿ ಮುಖದ ಮೇಲೆ ಬಿದ್ದಿತು. ಮಗು ಅತ್ತಿತು, ಕಿರುಚಿತು. ಬುರುಲ್‌ಳ ತಕಲಿ ತಿರುಗುತ್ತಲೇ ಇತ್ತು.

ಬಾಗಿಲಿನಿಂದ ನುಗ್ಗಿದ ಚಳಿಗೆ ಅವಳು ತಿರುಗಿ ನೋಡಿದಳು. ನೆಲದ ಮೇಲೆ ಹಾಲು ಹರಿಯುತ್ತಿತ್ತು. ಸೊಸೆ ತೊಟ್ಟಿಲ ಬಳಿ ಮೊಣಕಾಲೂರಿ ಪಟ್ಟಿ ಬಿಚ್ಚುತ್ತಿದ್ದಳು. ಮಗುವಿನ ತುಟಿ ನೀಲಿಗಟ್ಟಿತ್ತು. ಎದೆಗವಚಿಕೊಂಡು ಬೆನ್ನು ತಟ್ಟಿದಾಗ ಉಸಿರೆಳೆದುಕೊಂಡಿತು, ಬಾಯಿ ತೆರೆದು ಅತ್ತಿತು. ಬುರುಲ್‌ಗೆ ಆ ಬಾಯಿ ಕಂಡಿತು. ಅಳು ಕೇಳಲಿಲ್ಲ.

ಮಿರ್ಜಾಗುಲ್ ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಮಧ್ಯಾಹ್ನ ಮಗುವನ್ನು ಬೆನ್ನಿಗೆ ಕಟ್ಟಿ, ತೊಟ್ಟಿಲನ್ನು ಹೊತ್ತು ಪಕ್ಕದ ಕಾಲಿಚಾಳ ಮನೆಗೆ ಒಯ್ದಳು. ಬೈದಿದ್ದರೆ ಬುರುಲ್‌ಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ತೊಟ್ಟಿಲಿದ್ದ ಜಾಗದಲ್ಲಿ ಕಂಬಳಿಯ ಬಣ್ಣ ಹೊಸದಾಗಿ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಕಾಲಿಚಾ ಬಂದು ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿದಳು. ಅಷ್ಟು ಹತ್ತಿರದಿಂದ ಕೂಗಿದರೆ ಬುರುಲ್‌ಗೆ ಅಷ್ಟಿಷ್ಟು ತಿಳಿಯುತ್ತಿತ್ತು.

"ಮಗೂನ ಕೊಡು ಅಂತ ನಾನು ಕೇಳಿರಲಿಲ್ಲ ಕಣೇ! ಅವಳೇ ತಂದಿಟ್ಟಳು. ಸೋಮವಾರದಿಂದ ನೋಡ್ಕೊಳ್ಳಿ ಅಂದ್ಲು. ಮುಖ ಸುಣ್ಣದ ಹಾಗಾಗಿತ್ತು."

"ಮಗು ಹೇಗಿದೆ?"

"ಚೆನ್ನಾಗಿದೆ, ನಗ್ತಿದೆ. ಆ ಪ್ಲಾಸ್ಟಿಕ್ ತುಂಡನ್ನ ಕಿತ್ತು ಬಿಸಾಕು ನೀನು. ನಮ್ಮ ಮೈದುನನಿಗೂ ಒಂದು ಕೊಟ್ಟಿದ್ರು. ಎರಡು ದಿನ ಕುಯ್ಯೋ ಅಂತು, ಆಮೇಲೆ ಪೆಟ್ಟಿಗೆ ಸೇರ್ತು. ಈಗ ಅವನ ಹೆಂಡ್ತಿ ಬೈದ್ರೂ ಕೇಳಲ್ಲ. ಸುಖವಾಗಿದ್ದಾನೆ!"

ಬುರುಲ್ ನಗಲಿಲ್ಲ.

ಕಾಲಿಚಾ ಮೆತ್ತಗಾಗಿ ಪಕ್ಕದಲ್ಲೇ ಕೂತು ಮತ್ತೆ ಅವಳ ಕಿವಿಗೆ ಬಾಯಿ ತಂದಳು. "ದೇವರು ಮುಚ್ಚಿದ ಕಿವಿ ಬುರುಲ್. ಸಬರ್ ಮಾಡ್ಕೋ, ತಾಳ್ಮೆ ತಂದ್ಕೋ. ನಮ್ಮ ವಯಸ್ಸಿಗೆ ಇನ್ನೇನು ಕೇಳೋದಿದೆ?"

"ಆ ಮಗು ಅಳೋದು ಕೇಳಬೇಕಿತ್ತು ಕಾಲಿಚಾ. ಅದೊಂದೇ ಕೇಳಬೇಕಿತ್ತು."

ಅಷ್ಟರಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆ ಜಾರ್ಕಿನ್ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಳು; ಕಾಲಿಚಾ ಕೂಗಿದ್ದೆಲ್ಲ ಅವಳಿಗೆ ಅಂಗಳದಲ್ಲೇ ಕೇಳಿತ್ತು. ಮಿರ್ಜಾಗುಲ್ ಮಗುವನ್ನು ಒಮ್ಮೆ ನೋಡಿ ಎಂದು ಕರೆಸಿದ್ದಳಂತೆ. ಪಕ್ಕದ ಮನೆಯಲ್ಲಿ ಮಗುವಿನ ಎದೆ, ಉಸಿರು ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಹೇಳಿ ಇತ್ತ ಬಂದಿದ್ದಳು. ಮಿರ್ಜಾಗುಲ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆಯೇ ಬಂದು ಬಾಗಿಲ ಬಳಿ ನಿಂತಳು.

ಜಾರ್ಕಿನ್ ಬುರುಲ್‌ಳ ಎದುರು ಕೂತು ಕೈ ಚಾಚಿದಳು. ಮೆಷಿನ್ನನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಸರಿಯಿದ್ದರೆ ಅದು ಮುಷ್ಟಿಯೊಳಗೆ ಕುಯ್ಗುಟ್ಟಬೇಕಿತ್ತು. ಸದ್ದಿಲ್ಲ. ಸೆಲ್ಲು ಬದಲಿಸಿ ಮತ್ತೆ ಮುಚ್ಚಿದಳು. ಆಗಲೂ ಇಲ್ಲ. ನಳಿಕೆಯನ್ನು ಮೆಷಿನ್ನಿನಿಂದ ಕಳಚಿದಳು. ಬರೀ ಮೆಷಿನ್ನು ಮುಷ್ಟಿಯೊಳಗೆ 'ಕುಯ್ಯ್' ಎಂದಿತು.

"ಮೆಷಿನ್ನು ಕೆಟ್ಟಿಲ್ಲ," ಎಂದು ಅಚ್ಚನ್ನು ಬೆಳಕಿಗೆ ಹಿಡಿದಳು. ನಳಿಕೆಯೊಳಗೆ ಮೇಣದಬತ್ತಿಯ ಹಾಗೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಮೂಸಿ ನೋಡಿದಳು. "ಆಪಾ, ಇದೇನು? ಕುರಿ ಬಾಲನಾ?"

ಕಾಲಿಚಾ ಎದ್ದು ನಿಂತಳು. "ನಾನು... ಒಲೆ ಮೇಲೆ ಮಾಂಸ ಇಟ್ಟು ಬಂದಿದ್ದೆ."

"ಕೂತ್ಕೊಳ್ಳಿ ಕಾಲಿಚಾ ಆಪಾ. ನಿಮ್ಮ ಮನೇಲಿ ಇವತ್ತು ಮಾಂಸ ಇಲ್ಲ, ನಾನು ಈಗ ತಾನೇ ಅಲ್ಲಿಂದ ಬಂದೆ."

ಮೇಣದ ಹಾಗಿದ್ದ ಕೊಬ್ಬನ್ನು ನೋಡಿ ಬುರುಲ್‌ಗೆ ಎಲ್ಲ ಅರ್ಥವಾಯಿತು. "ಒತ್ತುತ್ತಿತ್ತು ಮಗಳೇ. ನಾನೇ ಹಚ್ಚಿದೆ. ಕಿವಿ ಮುಚ್ಚಿದ್ದು ದೇವರಲ್ಲ, ನಾನು."

ಜಾರ್ಕಿನ್ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ತರಿಸಿ ಒಂದಿಷ್ಟು ಸೋಪು ಕದಡಿದಳು. ಅಚ್ಚನ್ನೂ ನಳಿಕೆಯನ್ನೂ ಮಾತ್ರ ಅದರಲ್ಲಿ ಮುಳುಗಿಸಿದಳು. ಮೆಷಿನ್ನನ್ನು ಒಣ ಬಟ್ಟೆಯಲ್ಲಿ ಒರೆಸಿ ದೂರ ಇಟ್ಟಳು.

"ಇದಕ್ಕೆ ಒಂದು ಹನಿ ನೀರೂ ತಾಗಬಾರದು. ನಮಾಜಿಗೆ ಮುಂಚೆ ಕೈ ಮುಖ ತೊಳೆದು ವುಜೂ ಮಾಡುವಾಗ ಮೊದಲು ಇದನ್ನ ತೆಗೀರಿ, ಕಿವಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಾಕ್ಕೊಳ್ಳಿ. ನಮಾಜು ಮುಗಿಸಿ ಮರೆತುಬಿಡಬೇಡಿ," ಎಂದು ಅವಳ ಕಿವಿಯ ಬಳಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

ಕೊಬ್ಬು ಕರಗಿ ನೀರಿನ ಮೇಲೆ ತೇಲಿತು. ಜಾರ್ಕಿನ್ ಪುಟ್ಟ ರಬ್ಬರ್ ಬುಡ್ಡಿಯೊಂದನ್ನು ಒತ್ತಿ ನಳಿಕೆಯೊಳಗಿನ ನೀರನ್ನು ಹೊರಗೆ ಊದಿದಳು. ಅದರ ಜೊತೆ ಒಂದಿಷ್ಟು ಕಿವಿಯ ಗುಗ್ಗೆಯೂ ಬಂತು.

"ಒಲೆ ಹತ್ತಿರ ಇಟ್ಟರೆ ಬೇಗ ಒಣಗುತ್ತಲ್ಲ," ಎಂದಳು ಕಾಲಿಚಾ, ತಡೆಯಲಾರದೆ.

"ನೀವು ಇನ್ನು ಸಲಹೆ ಕೊಡಬೇಡಿ!" ಜಾರ್ಕಿನ್ ನಕ್ಕು ತನ್ನ ಚೀಲದಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದಳು. "ಬಿಸಿಗೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತೆ. ಕಿಟಕಿ ಕಟ್ಟೆಯೂ ಬೇಡ, ಅಲ್ಲಿ ಥಂಡಿ. ರಾತ್ರಿ ಸೆಲ್ಲಿನ ಬಾಗಿಲು ತೆರೆದು ಈ ಡಬ್ಬಿಯಲ್ಲಿಡಿ. ಒಳಗಿರೋ ಪೊಟ್ಟಣ ತೇವ ಹೀರುತ್ತೆ, ತಿನ್ನೋದಲ್ಲ. ಹಳೇ ಸೆಲ್ಲು ಮಗುವಿಗೆ ಸಿಗಬಾರದು. ನುಂಗಿದರೆ ಜೀವಕ್ಕೇ ಅಪಾಯ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು."

"ಒತ್ತೋದು?" ಎಂದು ಬುರುಲ್ ಕಿವಿ ಮುಟ್ಟಿ ಕೇಳಿದಳು.

"ಅಚ್ಚನ್ನ ಅವರೇ ತಿದ್ದಿ ಕೊಡ್ತಾರೆ. ಶುಕ್ರವಾರ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀತನಕ ನೋವಾದರೆ ತೆಗೆದಿಡಿ. ತಲೆವಸ್ತ್ರವನ್ನ ಕಿವಿ ಮೇಲೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯ್ ಅನ್ನುತ್ತೆ. ಅಚ್ಚು ಸರಿಯಾಗಿ ಕೂರದಿದ್ದರೂ ಹಾಗೇ ಅನ್ನುತ್ತೆ. ನಿಮ್ಮ ಮೈದುನನಿಗೂ ಅದೇ ಆಗಿರಬೇಕು ಕಾಲಿಚಾ ಆಪಾ. ಪೆಟ್ಟಿಗೆಯಿಂದ ತೆಗೆಸಿ ನನಗೆ ತೋರಿಸಿ."

"ಅಯ್ಯೋ, ಪಾಪ ಅವನ ನೆಮ್ಮದಿ," ಎಂದಳು ಕಾಲಿಚಾ.

ಬುರುಲ್ ಮಾತ್ರ ಬಟ್ಟಲನ್ನು ನೋಡುತ್ತಿದ್ದಳು. ಕಣ್ಣು ಕೊಟ್ಟವನು, ಕಿವಿ ಕೊಟ್ಟವನು, ಮಂದವಾದ ಕಿವಿಗೆ ಊರುಗೋಲಿನಂತೆ ಇದನ್ನು ಮಾಡುವ ಬುದ್ಧಿಯನ್ನು ಮನುಷ್ಯರಿಗೆ ಕೊಟ್ಟವನು ಒಬ್ಬನೇ. ಅವನ ಕೊಡುಗೆಯನ್ನು ಜತನ ಮಾಡದೆ, ಅವನ ಹೆಸರಿನಲ್ಲೇ ಸಬರ್ ಎಂದು ಕೂತರೆ ಅದು ಭಕ್ತಿಯೇ?

ಗುರುವಾರ ಬೆಳಿಗ್ಗೆ ನಳಿಕೆ ಪೂರ್ತಿ ಒಣಗಿತ್ತು. ಬುರುಲ್ ಅದನ್ನು ಮೆಷಿನ್ನಿಗೆ ಸಿಕ್ಕಿಸಿ, ಮುಷ್ಟಿಯಲ್ಲಿ ಹಿಡಿದು ಪರೀಕ್ಷಿಸಿ, ಹಾಕಿಕೊಂಡಳು. ಕೆಟಲಿನ ಮುಚ್ಚಳ ಟಕಟಕ ಎಂದಿತು. ಅವಳು ಸೊಸೆಯನ್ನು ಕರೆದು, ತಾನು ಕಿಟಕಿಯ ಕಡೆ ಮುಖ ಮಾಡಿ ಕೂತಳು.

"ನನ್ನ ಹಿಂದೆ ನಿಂತ್ಕೊ. ನೀನು ಯಾವಾಗಲೂ ಮಾತಾಡೋ ಹಾಗೇ ಏನಾದರೂ ಹೇಳು."

ಹಿಂದೆ ಬಹಳ ಹೊತ್ತು ಮೌನ. ಮೆಷಿನ್ನು ಮತ್ತೆ ನಿಂತಿತೇನೋ ಎಂದು ಬುರುಲ್ ಕೆಟಲಿನ ಸದ್ದಿಗೆ ಕಿವಿಗೊಟ್ಟಳು.

ಆಮೇಲೆ ದನಿ ಬಂತು. "ಆಪಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿನ್ನೆ ಅವಳ ತುಟಿ ನೋಡಿದೆನಲ್ಲ... ಹೆದರಿಕೆ ಇನ್ನೂ ಹೋಗಿಲ್ಲ."

"ಹೋಗಬಾರದು," ಎಂದಳು ಬುರುಲ್, ತಿರುಗದೆ. "ನನಗೂ ಹೋಗಿಲ್ಲ. ನೀನು ನನ್ನ ಮಾತು ನಂಬಬೇಡ ಮಗಳೇ, ನೋಡಿ ನಂಬು. ಭಾನುವಾರದ ತನಕ ಮನೇಲೇ ಇದ್ದು ನೋಡು."

ಮಿರ್ಜಾಗುಲ್ ನೋಡಿದಳು. ಶುಕ್ರವಾರ ಆಸ್ಪತ್ರೆಯಲ್ಲಿ ಅಚ್ಚಿನ ಅಂಚು ತಿದ್ದಿಕೊಟ್ಟರು. ನಳಿಕೆ ಗಟ್ಟಿಯಾದರೆ ಬದಲಿಸಬೇಕು, ಬನ್ನಿ ಎಂದರು. ಅತ್ತೆ ಬೆಳಿಗ್ಗೆ ಎದ್ದು ಸೆಲ್ಲು ನೋಡುವುದನ್ನೂ, ಬಿಡಿ ಸೆಲ್ಲನ್ನು ಎತ್ತರದ ಗೂಡಿನಲ್ಲಿ ಇಡುವುದನ್ನೂ, ವುಜೂ ಮಾಡಿ ಕಿವಿ ಒಣಗುವ ತನಕ ಕಾಯುವುದನ್ನೂ ಸೊಸೆ ಕಂಡಳು. ಒಂದು ದಿನ ಪಡಸಾಲೆಯ ಕಂಬಳಿಯ ಮೇಲೆ ಮಲಗಿಸಿದ್ದ ಮಗು ಸಣ್ಣಗೆ ಕುಂಯ್‌ಗುಟ್ಟಿತು. ಕಣಕ ನಾದುತ್ತಿದ್ದ ಬುರುಲ್ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ಬಾಗಿಲಲ್ಲಿ ನಿಂತಿದ್ದ ಸೊಸೆಗಿಂತ ಮೊದಲೇ ಹೋದಳು. ಇನ್ನೊಂದು ಮಾತನ್ನೂ ಅವಳೇ ಹೇಳಿದಳು: "ನನ್ನ ಬೆನ್ನು ತೊಟ್ಟಿಲ ಕಡೆ ಇರಬಾರದು. ಮೆಷಿನ್ನು ತೆಗೆದಾಗ, ನಾನು ಮಲಗಿದಾಗ, ಮಗು ಕಾಲಿಚಾ ಹತ್ತಿರ ಇರಲಿ."

ಅಮ್ಮಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರ ಮನೆಯಲ್ಲೂ ಕಿವಿ ಮಂದವಾದ ಹಿರಿಯರಿರಬಹುದು. ವಯಸ್ಸಾಯಿತು ಎಂದು ಅವರನ್ನು ಮೂಲೆಯಲ್ಲಿ ಸುಮ್ಮನೆ ಕೂರಿಸಬೇಡಿ. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿ. ಮೆಷಿನ್ನು ಆಗಲೇ ಇದ್ದು ಪೆಟ್ಟಿಗೆ ಸೇರಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಎಣ್ಣೆ, ಕೊಬ್ಬು, ಪಿನ್ನು, ಬೆಂಕಿ ಯಾವುದನ್ನೂ ಅದರ ಹತ್ತಿರ ಸುಳಿಯಗೊಡಬೇಡಿ. ಕೆಲಸ ಮಾಡದಿದ್ದರೆ ಬಿಸಾಡಬೇಡಿ, ತಿಳಿದವರಿಗೆ ತೋರಿಸಿ. ಹೊಸದರಲ್ಲಿ ಪಾತ್ರೆ ಸದ್ದೂ ಸಿಡಿಲಿನಂತೆ ಕೇಳುತ್ತದೆ. ದಿನಕ್ಕಿಷ್ಟು ಹೊತ್ತು ಎಂದು ಹಾಕಿಕೊಂಡರೆ ಕೆಲವು ವಾರಗಳಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ. ಅಲ್ಲಿಯ ತನಕ ಮನೆಯವರು ಎದುರು ಕೂತು ನಿಧಾನವಾಗಿ ಮಾತನಾಡಿ. ದೇವರು ಕೊಟ್ಟ ದನಿಗಳನ್ನು ಅವರಿಗೂ ಮುಟ್ಟಿಸಿ.

ಭಾನುವಾರ ಹೊತ್ತು ಇಳಿಯುವ ಮುಂಚೆ ಬುರುಲ್ ಅಂಗಳದಲ್ಲಿ ಮಂಜಿನ ಮೇಲೆ ಹೆಜ್ಜೆಯ ಕರಕರ ಸದ್ದು ಕೇಳಿದಳು. ಎದ್ದು ಹೋಗಿ ಬಾಗಿಲು ತೆರೆದಳು. ಮಿರ್ಜಾಗುಲ್ ತೊಟ್ಟಿಲು ಹೊತ್ತು ಬಂದಿದ್ದಳು. ಅದನ್ನು ಹಳೆಯ ಜಾಗದಲ್ಲಿ, ಕಿಟಕಿಯ ಕಡೆಯಿಂದ ಕಾಣುವಂತೆ ತಿರುಗಿಸಿ ಇಟ್ಟಳು. ಆಮೇಲೆ ಬೆನ್ನಿನಿಂದ ಮಗುವನ್ನು ಬಿಚ್ಚಿ, ಅತ್ತೆಯ ಕೈಗೆ ಕೊಟ್ಟಳು.