ಕರಟದ ಮುಚ್ಚಳ

"ಏನ್ ಕೈ ಕಣ್ಲಾ ತಿಪ್ಪಯ್ಯ ಅವಂದು. ಮೂಗುಬಟ್ಟಿಗೆ ಹರಳು ಕೂರ್ಸೋ ಅಕ್ಕಸಾಲಿ ಕೂತಂಗೆ ಕೂತವ್ನೆ ನೋಡು," ಎಂದಳು ಕೆಂಪಕ್ಕ.

"ನೋಡ್ತಾನೇ ಇವ್ನಿ ಬುಡಕ್ಕ. ನಿನ್ ಹಾಲು ಉಕ್ತಾ ಐತೆ, ಅದ್ನ ನೋಡ್ಕೋ," ಎಂದ ತಿಪ್ಪಯ್ಯ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೆಂಪಕ್ಕನ ಟೀ ಅಂಗಡಿಗೆ ಒತ್ತಿಕೊಂಡೇ ತಿಪ್ಪಯ್ಯನ ಮೋಟಾರ್‌ಸೈಕಲ್ ಶೆಡ್ಡು. ಎಪ್ಪತ್ತೊಂಬತ್ತರ ಆ ಬೇಸಿಗೆಯ ಬೆಳಗ್ಗೆ, ಅವನದೇ ಶೆಡ್ಡಿನ ಮುಂದೆ, ಅವನದೇ ಮಣೆಯ ಮೇಲೆ ಮರುಳಪ್ಪ ಕುಳಿತಿದ್ದ. ಇಬ್ಬರೂ ತಿಪಟೂರಿನಲ್ಲಿ ಒಬ್ಬರೇ ಸಾಹೇಬರ ಕೈಕೆಳಗೆ ಸ್ಪ್ಯಾನರ್ ಹಿಡಿದು ಕಲಿತವರು. ಆಮೇಲೆ ಮರುಳಪ್ಪ ದಾವಣಗೆರೆಗೆ ಹೋದ, ತಿಪ್ಪಯ್ಯ ಇಲ್ಲೇ ಉಳಿದ. ಈಗ ಮರುಳಪ್ಪ ಹಿಂದಿರುಗಿ ಬಂದು ತಿಪಟೂರಿನಲ್ಲಿ ಬೋರ್ಡು ಹಾಕಿಕೊಂಡಿದ್ದಾನೆ. ಕೆಲಸಕ್ಕೆ ಕೂರುವ ಮುಂಚೆ ಕೈಗಡಿಯಾರ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಡುತ್ತಾನೆ. ಅಂಗಿಗೆ ಒಂದು ಹನಿ ಎಣ್ಣೆ ಸಿಡಿದಿರುವುದಿಲ್ಲ. ಮೆಕ್ಯಾನಿಕ್ಕಿನ ಅಂಗಿ ಅಷ್ಟು ಬೆಳ್ಳಗಿರುವುದು ತಿಪ್ಪಯ್ಯನಿಗೆ ಯಾಕೋ ಅನ್ಯಾಯವೆನಿಸಿತು.

ಮರುಳಪ್ಪನ ಮುಂದೆ ನಿಂತಿದ್ದ ಗಾಡಿ ಹಾಲ್ಕುರಿಕೆಯ ಕೊಬ್ಬರಿ ವ್ಯಾಪಾರಿ ಪರಮಶಿವಯ್ಯನವರದು. ಯುದ್ಧದ ಕಾಲದ ಮಿಲಿಟರಿ ಬಿಎಸ್ಎ ಮೋಟಾರ್‌ಸೈಕಲ್. ಅವರ ತಂದೆ ಹರಾಜಿನಲ್ಲಿ ಹಿಡಿದದ್ದು. ಸಿಲಿಂಡರ್ ಸವೆದು ಇನ್ನು ಗುಜರಿಗೇ ಸರಿ ಎಂದು ಎಲ್ಲರೂ ಕೈಬಿಟ್ಟಿದ್ದಾಗ, ತಿಪ್ಪಯ್ಯ ಜೀಪಿನ ಪಿಸ್ಟನ್ನೊಂದನ್ನು ಲೇತಿಗೆ ಕೊಟ್ಟು ಕಡೆಸಿ, ಸಿಲಿಂಡರ್ ಕೊರೆಸಿ, ಶಿವರಾತ್ರಿಯ ಹೊತ್ತಿಗೆ ಕೂರಿಸಿದ್ದ. ಇಂಜಿನ್ನಿಗೆ ಹೊಸ ಪ್ರಾಯ ಬಂತು. ಪ್ರಾಯದ ಜೊತೆಗೇ ಒಂದು ರೋಗವೂ ಬಂತು: ಎರಡು ಮೂರು ಮೈಲಿ ಗುಡುಗುಡು ಓಡುವುದು, ಆಮೇಲೆ ಗೂರಲು ಹಿಡಿದವರ ಹಾಗೆ ಕೆಮ್ಮಿ ಕೆಮ್ಮಿ ನಿಂತುಬಿಡುವುದು.

ದೊಡ್ಡ ಪಿಸ್ಟನ್ನಿಗೆ ಪೆಟ್ರೋಲೂ ಜಾಸ್ತಿ ಬೇಕು, ಜೆಟ್ ಸಾಲುತ್ತಿಲ್ಲ ಎಂದು ತಿಪ್ಪಯ್ಯ ತೀರ್ಮಾನಿಸಿದ್ದ. ಜೆಟ್ ಎಂದರೆ ಕಾರ್ಬುರೇಟರಿನೊಳಗಿನ ಹಿತ್ತಾಳೆಯ ಪುಟ್ಟ ತಿರುಪು. ಇಂಜಿನ್ ಕುಡಿಯುವ ಪೆಟ್ರೋಲೆಲ್ಲ ಅದರ ನಡುವಿನ ಕೂದಲೆಳೆಯಂಥ ತೂತಿನಲ್ಲೇ ಬರಬೇಕು. ತಿಪ್ಪಯ್ಯ ಸೂಜಿ ಹಾಕಿ ಆ ತೂತನ್ನು ಹಿಗ್ಗಿಸಿದ. ಊರೊಳಗೆ ಕಪ್ಪು ಹೊಗೆ ಕಾರತೊಡಗಿತು, ರಸ್ತೆಯಲ್ಲಿ ಮಾತ್ರ ಮೊದಲಿನಂತೆಯೇ ಕೆಮ್ಮಿ ನಿಂತಿತು. ಕೊನೆಗೆ ಪರಮಶಿವಯ್ಯ, "ಬೇಜಾರ್ ಮಾಡ್ಕೋಬೇಡ ಕಣಪ್ಪ, ಮರುಳಪ್ಪನೂ ಒಂದ್ಸಲ ನೋಡ್ಲಿ," ಎಂದಿದ್ದರು. ಬೇಜಾರೇನಿಲ್ಲ ಎಂದು ತಿಪ್ಪಯ್ಯ ನಕ್ಕಿದ್ದ. ಅವತ್ತು ಅವನಿಗೆ ಮುದ್ದೆ ಇಳಿಯಲಿಲ್ಲ.

ಮರುಳಪ್ಪ ನಶ್ಯದ ಡಬ್ಬಿ ತೆರೆದ. ಹತ್ತಿಯ ಮೇಲೆ ಜೆಟ್ಟುಗಳು ಮಲಗಿದ್ದವು, ಒಂದೊಂದರ ಮೇಲೂ ಕೊರೆದ ನಂಬರು. ತಿಪ್ಪಯ್ಯ ಕತ್ತು ಚಾಚುವಷ್ಟರಲ್ಲಿ ಅವನು ಒಂದನ್ನು ಎತ್ತಿಕೊಂಡು ಡಬ್ಬಿ ಮುಚ್ಚಿದ.

"ಇದಕ್ಕೆ ಸೂಜಿ ಹಾಕಿದ್ಯೇನ್ಲಾ?" ಎಂದ ಹಳೆಯ ಜೆಟ್ಟನ್ನು ಬೆಳಕಿಗೆ ಹಿಡಿದು.

"ಹಾಕ್ದೆ. ನಿನ್ನಂಗೆ ಡಬ್ಬೀಲಿ ಮೊಟ್ಟೆ ಇಕ್ಕೊಂಡು ಕಾವು ಕೊಡೋಕೆ ನಂಗೆ ಪುರುಸೊತ್ತಿಲ್ಲ."

ಕೆಂಪಕ್ಕ ಕಿಸಕ್ಕನೆ ನಕ್ಕಳು. ಮರುಳಪ್ಪನೂ ನಕ್ಕ. ಅದಕ್ಕೇ ತಿಪ್ಪಯ್ಯನಿಗೆ ಇನ್ನೂ ಉರಿಯಿತು.

ಜೆಟ್ ಕೂತಿತು. ಮರುಳಪ್ಪ ಒದ್ದ ಮೊದಲ ಒದೆಗೇ ಇಂಜಿನ್ ಎದ್ದಿತು. ಹೊಗೆಯಿಲ್ಲ. ಗಂಟಲು ಸರಿಮಾಡಿಕೊಂಡ ಭಾಗವತರ ದನಿ. ಎಷ್ಟೋ ರಾತ್ರಿ ಹಾಸಿಗೆಯಲ್ಲಿ ಮಲಗಿ ತಿಪ್ಪಯ್ಯ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದ ದನಿ ಅದು. ಅವನ ಇಂಜಿನ್ನು, ಇನ್ನೊಬ್ಬನ ಕೈಯಲ್ಲಿ ಹಾಡುತ್ತಿತ್ತು.

"ಹತ್ತು ಹಿಂದ್ಗಡೆ. ನೀನೇ ಸಾಕ್ಷಿ," ಎಂದ ಮರುಳಪ್ಪ.

ತುರುವೇಕೆರೆ ರಸ್ತೆ ಹಿಡಿದರು. ಎರಡೂ ಬದಿಯ ತೆಂಗಿನ ಸಾಲು ಹಿಂದಕ್ಕೆ ಓಡುತ್ತಿತ್ತು. ಹಿಂದೆ ಕೂತ ತಿಪ್ಪಯ್ಯ ಯಾವ ದೇವರಿಗೆ ಬೇಡಿಕೊಂಡನೋ, ಮೂರನೆಯ ಮೈಲಿಗಲ್ಲು ದಾಟುವಷ್ಟರಲ್ಲಿ ಗಾಡಿ ಕೆಮ್ಮಿತು. ಇನ್ನೆರಡು ಸಲ ಕೆಮ್ಮಿ ನಿಂತಿತು. ತಿಪ್ಪಯ್ಯನ ಉರಿಯುವ ಹೊಟ್ಟೆಗೆ ಮಜ್ಜಿಗೆ ಹೊಯ್ದಂತಾಯಿತು.

ಮರುಳಪ್ಪ ಕೆಳಗೆ ಕೂತು ಪ್ಲಗ್ ಬಿಚ್ಚಿದ. ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಕೊಬ್ಬರಿ ಸಿಪ್ಪೆಯ ಬಣ್ಣಕ್ಕಿದ್ದರೆ ಸರಿ ಎಂದು ಸಾಹೇಬರು ಇಬ್ಬರಿಗೂ ಕಲಿಸಿದ್ದರು. ಪ್ಲಗ್ ಸುಣ್ಣದಂತೆ ಬೆಳ್ಳಗಿತ್ತು.

"ಟ್ಯಾಂಕಲ್ಲಿ ಐತೇನ್ಲಾ ಪೆಟ್ರೋಲು?"

ತಿಪ್ಪಯ್ಯ ರಬ್ಬರ್ ಪಟ್ಟಿ ಸರಿಸಿ ಮುಚ್ಚಳ ಎತ್ತಿದ. ಸುಯ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು.

ಅವನ ಕೈ ಅಲ್ಲೇ ನಿಂತಿತು.

ಆ ಮುಚ್ಚಳ ಕರಟದ್ದು. ಹಳೆಯದು ಕಳೆದುಹೋದಾಗ ತಿಪ್ಪಯ್ಯನೇ ಸಣ್ಣ ಕಾಯಿಯ ಕರಟದ ಕಣ್ಣಿನ ಭಾಗ ಕೊಯ್ದು, ಉಜ್ಜಿ ಹೊಳಪೇರಿಸಿ, ಸೈಕಲ್ ಟ್ಯೂಬಿನ ಬಳೆ ಕೂರಿಸಿ ಮಾಡಿದ್ದು. ಮೂರು ಕಣ್ಣಿನಲ್ಲಿ ಮೆದುವಾದದ್ದು ಒಂದು ತೂತಾಗಿಯೇ ಉಳಿದಿತ್ತು. ಅದರಿಂದ ಪೆಟ್ರೋಲ್ ತುಳುಕಿ ಪರಮಶಿವಯ್ಯನವರ ಪಂಚೆಯ ಮೇಲೆಲ್ಲ ಕಲೆ. ಅವರ ಹೆಂಡತಿ ಸುವರ್ಣಮ್ಮ ಬೈದು ಬೈದು ಕಳಿಸಿದ ಮೇಲೆ, ಪಿಸ್ಟನ್ ಕೂರಿಸಿದ ದಿನವೇ ಆ ಕಣ್ಣಿಗೆ ಅರಗು ತುಂಬಿ ಮುಚ್ಚಿದ್ದ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೇಗೆ ಕೆಳಗಿಳಿಯಬೇಕು? ಜೆಟ್ಟಿನ ತಪ್ಪಲ್ಲ, ಪಿಸ್ಟನ್ನಿನ ತಪ್ಪಲ್ಲ. ಇಷ್ಟು ದಿನ ಇಂಜಿನ್ನಿನ ಉಸಿರು ಕಟ್ಟಿಸಿದ್ದು ತನ್ನದೇ ಅರಗು.

"ಐತೆ," ಎಂದ.

ಮರುಳಪ್ಪ ಎದ್ದು ಬಂದು ಮುಚ್ಚಳ ಇಸಿದುಕೊಂಡು ತಿರುಗಿಸಿ ನೋಡಿದ. "ನೀನೇ ಮಾಡಿದ್ದಾ? ಚೆಂದಾಗೈತೆ ಕಣ್ಲಾ. ದಾವಣಗೆರೇಲೂ ಇಂಥದ್ದು ನೋಡ್ನಿಲ್ಲ."

ಬೆಳಗ್ಗೆಯಿಂದ ಅವನು ಹೊಗಳಿದ್ದು ಇದೊಂದನ್ನೇ.

ವಾಪಸು ಬರುವಾಗ ಗಾಡಿ ಮತ್ತೆ ನಿಂತಿತು, ಕೊನೆಯ ಅರ್ಧ ಮೈಲಿ ತಳ್ಳಿಕೊಂಡೇ ಬಂದರು. ಮರುಳಪ್ಪನ ಅಂಗಿಯ ಬೆನ್ನಿಗೆ ಬೆವರಿನ ನಕ್ಷೆ ಬಿದ್ದದ್ದನ್ನು ತಿಪ್ಪಯ್ಯ ಕಣ್ತುಂಬ ನೋಡಿದ. ಸುಮ್ಮನಿದ್ದುಬಿಟ್ಟರೆ ಸಾಕು. ನಾಳೆಗೆ ಮರುಳಪ್ಪ ಸೋತ ಸುದ್ದಿ ತಿಪಟೂರಿನ ತನಕ.

ಕೆಂಪಕ್ಕನ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದ ಪರಮಶಿವಯ್ಯ ಎದ್ದರು. "ಏನಾಯ್ತ್ರಪ್ಪ?"

"ನನ್ ಕೈಲಾಗ್ಲಿಲ್ಲ ಯಜಮಾನ್ರೇ," ಎಂದ ಮರುಳಪ್ಪ, ಮುಚ್ಚುಮರೆಯಿಲ್ಲದೆ. "ಈ ಪಿಸ್ಟನ್ನಿಗೆ ಯಾವ ಜೆಟ್ಟೂ ಒಗ್ಗಕ್ಕಿಲ್ಲ. ಇದ್ನ ತೆಗ್ಸಿ, ಸಿಲಿಂಡರಿನೊಳಕ್ಕೆ ಸ್ಲೀವ್ ಕೊಳವೆ ಹಾಕ್ಸಿ, ಹಳೇ ಸೈಜಿಗೇ ಇಳಿಸ್ಬುಡಿ. ಓಡ್ತದೆ, ಜೋರಿರಕ್ಕಿಲ್ಲ ಅಷ್ಟೇ."

"ಹಂಗೇ ಮಾಡಾಣ ಬಿಡು. ನಂಗೇನ್ ರೇಸಿಗೆ ಹೋಗ್ಬೇಕಾ," ಎಂದರು ಪರಮಶಿವಯ್ಯ.

ಮರುಳಪ್ಪ ಸೋಲಲಿ ಎಂದು ತಿಪ್ಪಯ್ಯ ಅಂದುಕೊಂಡಿದ್ದನೇ ಹೊರತು, ಆ ಸೋಲು ತನ್ನ ಪಿಸ್ಟನ್ನನ್ನು ಹೊತ್ತುಕೊಂಡು ಹೋಗುತ್ತದೆಂದು ಎಣಿಸಿರಲಿಲ್ಲ. ನಿಜ ಹೇಳಿದರೋ, ಅರಗು ತುಂಬಿದ ಮೆಕ್ಯಾನಿಕ್ಕು ಎಂದು ಕೆಂಪಕ್ಕ ಬಸ್ಸಿಳಿದವರಿಗೆಲ್ಲ ಟೀ ಜೊತೆಗೆ ಬಡಿಸುತ್ತಾಳೆ. ಅದೂ ಈ ಬೆಳ್ಳಂಗಿಯವನ ಎದುರಿಗೆ.

"ಮೊದ್ಲು ಟೀ ಕುಡೀರಿ," ಎಂದ.

ಅವರು ಅತ್ತ ತಿರುಗಿದಾಗ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನ ಮೊನೆಯಿಂದ ಕಣ್ಣೊಳಗಿನ ಅರಗನ್ನು ಕೆರೆದ. ಕೆಂಪು ಚಕ್ಕೆಗಳು ಉಗುರಿನ ಸಂದಿಗೆ ಸೇರಿದವು. ಬಾಯಿಟ್ಟು ಊದಿದ, ಗಾಳಿ ಆಚೆ ಹೋಯಿತು. ಮುಚ್ಚಳ ಕೂರಿಸಿ ಪಟ್ಟಿ ಎಳೆದ.

"ಮರುಳ, ಇನ್ನೊಂದ್ ಸುತ್ತು ಹೋಗ್ಬಾ. ಹೊಸ ಜೆಟ್ಟು, ಹೊಂದ್ಕೊಳ್ಳೋಕೆ ಹೊತ್ತು ಹಿಡೀತದೆ." ಈ ಮಾತು ಆಡುವಾಗ ನಾಲಿಗೆ ಬೇವು ಕಡಿದಂತಿತ್ತು.

"ಹಂಗೆಲ್ಲಾರ ಉಂಟೇನ್ಲಾ?"

"ಹೋಗ್ಬಾ ಅಂದ್ನಲ್ಲ."

ಹೋದ ಮರುಳಪ್ಪ ಬರಲೇ ಇಲ್ಲ. ಕೆಂಪಕ್ಕ ಒಂದು ಬಸ್ಸಿನ ಜನಕ್ಕೆ ಟೀ ಕೊಟ್ಟು ಲೋಟ ತೊಳೆದಿಟ್ಟ ಮೇಲೆ, ದೂರದಿಂದ ಆ ದನಿ ಕೇಳಿಸಿತು. ಎಲ್ಲೂ ಕೆಮ್ಮಿಲ್ಲ. ಅವನು ಇಳಿದು ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಹಿಡಿದು ತೋರಿಸಿದ. ಕೊಬ್ಬರಿ ಸಿಪ್ಪೆಯ ಬಣ್ಣ.

"ನಾನ್ ಅಂದ್ನಿಲ್ವಾ, ಅವನ ಕೈ," ಎಂದಳು ಕೆಂಪಕ್ಕ.

"ಮರುಳಪ್ಪನ ಜೆಟ್ಟು ಅಂದ್ರೆ ಜೆಟ್ಟು," ಎಂದರು ಪರಮಶಿವಯ್ಯ, ತಿಪ್ಪಯ್ಯನ ಹೆಗಲು ತಟ್ಟಿ. "ಇವ್ನೂ ಪಾಪ ಕಷ್ಟಪಟ್ಟವ್ನೆ."

ಆ ಪಾಪ ಎಂಬುದು ತಿಪ್ಪಯ್ಯನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಮರುಳಪ್ಪ ಪ್ಲಗ್ ಬಿಗಿದು ಕೈ ಒರೆಸಿಕೊಳ್ಳುತ್ತ ಅವನ ಬೆರಳನ್ನೇ ನೋಡುತ್ತಿದ್ದ. "ಏನ್ಲಾ ಉಗುರಲ್ಲಿ ಕೆಂಪಗೆ?"

"ಎಲೆ ಅಡಿಕೆ," ಎಂದ ತಿಪ್ಪಯ್ಯ.

"ನೀನ್ ಯಾವಾಗಿಂದ ಎಲೆ ಹಾಕ್ತೀಯ?"

ಪರಮಶಿವಯ್ಯ ಗಾಡಿ ಹತ್ತಿ, ಪಂಚೆ ಎತ್ತಿ ತೊಡೆಯ ನಡುವೆ ಸಿಕ್ಕಿಸಿ, ತಿಪಟೂರು ರಸ್ತೆಯ ಕಡೆಗೆ ಧಡಕ್ಕನೆ ಹೊರಟರು. ಕರಟದ ಕಣ್ಣಿನಿಂದ ಪೆಟ್ರೋಲ್ ಚಿಮ್ಮಿ, ಹಾಲಿನಂಥ ಪಂಚೆಯ ಮೇಲೆ ಅಂಗೈಯಗಲ ಹರಡಿತು.