ಪಾಳಿ ಒಪ್ಪಿಸುವ ಮನುಷ್ಯ

ಮುಂದಿನ ಪಾಳಿಯವರ ಕೈ ಕುರ್ಚಿಯ ಬೆನ್ನಿಗೆ ತಾಗುವವರೆಗೆ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಊರಿಗೆ ನೀರು ಎತ್ತುವ ಪಂಪುಮನೆಯಲ್ಲಿ ಇಪ್ಪತ್ತೊಂದು ವರ್ಷ ಬೆಳಗಿನ ಪಾಳಿ ನೋಡಿಕೊಂಡ ಈ ಮನುಷ್ಯ, ಪಾಳಿ ಮುಗಿದರೂ, ಹೊಟ್ಟೆ ಚುರುಗುಟ್ಟಿದರೂ, ಬಂದವರು ದಾಖಲೆ ಪುಸ್ತಕ ಓದಿ, ಯಾವ ಮೋಟಾರು ಬಿಸಿಯಾಗಿದೆ, ಯಾವ ಕೊಳವೆ ಜಿನುಗುತ್ತಿದೆ ಎಂಬುದನ್ನು ತಮ್ಮ ಬಾಯಿಂದಲೇ ತಿರುಗಿ ಹೇಳಿ, ‘ತಗೊಂಡೆ’ ಎಂದ ಮೇಲೆಯೇ ಕದಲುವವರು. ಮಾತಿನ ಕೊನೆಗೆ ‘ಬರ್ಕೊಂಡ್ರಾ?’ ಎಂದು ಕೇಳುವುದು ಅವರಿಗೆ ಅಂಟಿದ ಜಾಡ್ಯ. ತರಕಾರಿಯವಳಿಗೆ ಅರ್ಧ ಕಿಲೋ ಬೀನ್ಸ್ ಹೇಳಿದರೂ ‘ಬರ್ಕೊಂಡ್ರಾ?’; ದಾರಿ ಕೇಳಿದ ಅಪರಿಚಿತನಿಗೆ ಬಲಕ್ಕೆ ತಿರುಗಿ ಎಂದರೂ ‘ಬರ್ಕೊಂಡ್ರಾ?’ ಹೀಗಾಗಿ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಮಿಕ್ಕೆಲ್ಲ ಕಡೆ ಅವರು ಬರ್ಕೊಂಡ್ರಾ ಸಾಹೇಬರಾದರು.

ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ನೆಲದಡಿಯ ಯಾವುದೋ ಸದ್ದಿಗೆ ಕಿವಿಗೊಟ್ಟವರಂತೆ ನಡೆಯುತ್ತಿದ್ದರು. ಇಲಾಖೆ ಕೊಟ್ಟ ಖಾಕಿ ಕೋಟು ಅವರಿಗಿಂತ ಎರಡು ಅಳತೆ ದೊಡ್ಡದು. ಅದರ ಬಲಜೇಬಿನಲ್ಲಿ ಟಾರ್ಚು, ಸ್ಪ್ಯಾನರು, ಎಡಜೇಬಿನಲ್ಲಿ ಬಾಚಣಿಗೆ, ರಿಬ್ಬನ್ನು, ನಾಲ್ಕಾರು ಹೇರ್‌ಪಿನ್ನು. ಮಗಳಿಗೆ ಹದಿನಾಲ್ಕು ತಿಂಗಳಿರುವಾಗ ಹೆಂಡತಿ ತೀರಿಕೊಂಡಿದ್ದರು. ಅಂದಿನಿಂದ ಆ ಮಗುವಿಗೆ ಅಪ್ಪನೂ ಅವರೇ, ಅಮ್ಮನೂ ಅವರೇ. ಮಗಳಿಗೀಗ ಒಂಬತ್ತು. ಪಾಳಿಗೆ ಹೋಗುವ ಮುನ್ನ ಶಾಲೆಯ ಗೇಟಿನಲ್ಲಿ ನಿಂತು, ಗ್ರೀಸು ಹತ್ತಿದ ಉಗುರುಗಳಿಂದ ಅವರು ಹೆಣೆಯುತ್ತಿದ್ದ ಜಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ, ಮಗುವಿನ ಹುಬ್ಬುಗಳು ಸಂಜೆಯವರೆಗೂ ಆಶ್ಚರ್ಯದಲ್ಲೇ ಇರುತ್ತಿದ್ದವು.

ಒಂದು ದಿನ ಡಾಕ್ಟರು ಅವರ ಎದೆಯ ಮೇಲೆ ಸ್ಟೆತಾಸ್ಕೋಪು ಬಹಳ ಹೊತ್ತು ಇಟ್ಟು, ವಾಲ್ವು ಕೆಟ್ಟಿದೆ, ಆಪರೇಷನ್ ತಡಮಾಡುವಂತಿಲ್ಲ ಎಂದರು. ಬದುಕೆಲ್ಲ ವಾಲ್ವುಗಳ ಜೊತೆಗೇ ಕಳೆದ ಸಾಹೇಬರು, ‘ಬದಲಾಯಿಸೋಕೆ ಎಷ್ಟು ಗಂಟೆ ಲೈನ್ ಬಂದ್ ಮಾಡ್ಬೇಕು?’ ಎಂದು ಕೇಳಿದರಂತೆ. ಡಾಕ್ಟರು ನಕ್ಕರು, ಕೇಳಿದವರು ನಗಲಿಲ್ಲ. ಮನೆಗೆ ಬಂದವರೇ ಹೊಸ ನೋಟುಬುಕ್ಕು ತೆರೆದು, ತಾವಿಲ್ಲದಿದ್ದರೆ ಮಗಳನ್ನು ನೋಡಿಕೊಳ್ಳುವ ಬಗೆಯನ್ನು ಮೂವತ್ತೊಂದು ಪುಟ ಬರೆದರು: ಯಾವ ಮಾತ್ರೆ ಮೈಗೆ ಒಗ್ಗುವುದಿಲ್ಲ, ಯಾವ ಹಲ್ಲು ಅಲುಗಾಡುತ್ತಿದೆ, ಸುಳ್ಳು ಹೇಳುವಾಗ ಯಾವ ಕಿವಿ ಮುಟ್ಟಿಕೊಳ್ಳುತ್ತಾಳೆ. ಅದನ್ನು ಎದೆಗವಚಿಕೊಂಡು ಉಯಿಲು ಬರೆಸಲು ವಕೀಲರಲ್ಲಿಗೆ ಹೋದರು. ಪಾಲಕಿಯ ಜಾಗದಲ್ಲಿ ತಮ್ಮ ಒಡಹುಟ್ಟಿದ ಅಕ್ಕನ ಹೆಸರು ಹೇಳಿ, ‘ಬರ್ಕೊಂಡ್ರಾ?’ ಎಂದರು.

‘ಬರ್ಕೊಂಡೆ,’ ಎಂದರು ವಕೀಲರು. ‘ಅವರು ಒಪ್ಪಿದಾರಾ?’

‘ತಗೊಂಡೆ’ ಎಂಬ ಒಂದು ಮಾತಿಲ್ಲದೆ ಒಂದು ದಿನವೂ ಪಂಪನ್ನು ಯಾರ ಕೈಗೂ ಬಿಡದ ಈ ಪುಣ್ಯಾತ್ಮ, ಮಗಳನ್ನು ಮಾತ್ರ, ಅಕ್ಕನನ್ನು ಒಂದು ಮಾತೂ ಕೇಳದೆ, ಆಕೆಯ ಹೆಸರಿಗೆ ಬರೆಸಲು ಬಂದಿದ್ದರು! ಅಕ್ಕ ಎಂದರೆ ಕೇಳುವುದೇನಿದೆ ಎಂಬ ಸದರ. ಅಂಥ ಸದರ ನಮ್ಮಲ್ಲಿ ಯಾರಿಗಿಲ್ಲ ಹೇಳಿ.

ವಕೀಲರಲ್ಲಿಂದ ನೇರ ಅಕ್ಕನ ಮನೆಗೆ ಹೋದರು. ಅಕ್ಕ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಒಲೆ ಆರಿಸಿ, ಕೈ ಒರೆಸಿಕೊಂಡು, ಎದುರಿಗೆ ಕೂತರು.

‘ನೋಡಪ್ಪಾ, ನಿನ್ನ ಮಗಳು ಅಂದ್ರೆ ನಂಗೆ ಜೀವ. ಆದ್ರೆ ನಂಗೆ ಅರವತ್ತಮೂರು. ನಿಮ್ಮ ಭಾವನ್ನ ಹಾಸಿಗೆಯಿಂದ ಎಬ್ಬಿಸಿ ಕೂರಿಸೋದಕ್ಕೇ ನನ್ನ ಸೊಂಟ ಬೀಳುತ್ತೆ. ಹೂಂ ಅಂದ್ಬಿಡಬಹುದು. ಅಂದು, ಆಮೇಲೆ ಆ ಕೂಸಿಗೆ ಅನ್ಯಾಯ ಮಾಡ್ಲಾ?’

ಸಾಹೇಬರಿಗೆ ಪಿತ್ತ ನೆತ್ತಿಗೇರಿತು. ಕಾಫಿಯನ್ನೂ ಮುಟ್ಟದೆ ಎದ್ದು ಬಂದುಬಿಟ್ಟರು. ಎರಡು ಬೀದಿ ದಾಟುವಷ್ಟರಲ್ಲಿ ಉಸಿರು ಕಟ್ಟಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಾಗ ಸಿಟ್ಟು ಇಳಿಯಿತು, ಭಯ ಉಳಿಯಿತು. ಆಪರೇಷನ್ನಿಗೆ ಹದಿನೆಂಟು ದಿನ. ಮಗಳಿಗೆ ಯಾರೂ ಇರಲಿಲ್ಲ. ಅಲ್ಲಿ ಕೂತು ಅತ್ತೆನೆಂದು ಮುಂದೊಮ್ಮೆ ಅವರೇ ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡರು.

ಆಗ ನೆನಪಾದವರು ಮಧ್ಯಾಹ್ನದ ಪಾಳಿಯ ಹೆಂಗಸು. ಹೋಗಿ ಹೋಗಿ ಅವರೇ! ಒಂಬತ್ತು ವರ್ಷಗಳಿಂದ ಸಾಹೇಬರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಸಾಹೇಬರು ಮುತ್ತು ಪೋಣಿಸಿದಂತೆ ಬರೆದಿಟ್ಟ ದಾಖಲೆಯನ್ನು ಆಕೆ ಓದುವರು, ತಲೆಯಾಡಿಸುವರು, ಆದರೂ ಒಂದೊಂದು ಮೀಟರಿನ ಮುಂದೆಯೂ ಖುದ್ದಾಗಿ ನಿಂತು ನೋಡಿ ಬಂದ ಮೇಲೆಯೇ ಕುರ್ಚಿಗೆ ಕೈ ಹಾಕುವರು. ‘ನನ್ನ ಬರಹದ ಮೇಲೆ ನಂಬಿಕೆ ಇಲ್ವಾ ನಿಮಗೆ?’ ಎಂದು ಸಾಹೇಬರು ಎಷ್ಟು ಸಲ ಮೂಗು ಮುರಿದಿದ್ದರೋ. ಇಂಥ ಅಪನಂಬಿಕೆಯ ಹೆಂಗಸಿನ ಕೈಯಲ್ಲಿ ಮಾತ್ರ ತಮ್ಮ ಮಗಳು ಸುರಕ್ಷಿತ ಎಂದು ಆ ಕಟ್ಟೆಯ ಮೇಲೆ ಅವರಿಗೆ ಹೊಳೆಯಿತು.

ಮರುದಿನ ಪಂಪುಮನೆಯಲ್ಲಿ ಕೇಳಿದರು. ಆಕೆ ಅಯ್ಯೋ ಪಾಪ ಎನ್ನಲಿಲ್ಲ.

‘ನಮ್ಮೆಜಮಾನ್ರನ್ನ ಕೇಳ್ಬೇಕು. ಎರಡು ದಿನ ಕೊಡಿ. ಮಗು ವಿಷಯ ಬರೆದಿಟ್ಟ ಪುಸ್ತಕ ಇದ್ರೆ ಕೊಡಿ, ಓದ್ತೀನಿ.’

ಭಾನುವಾರ ಗಂಡನೊಡನೆ ಸಾಹೇಬರ ಮನೆಗೆ ಬಂದರು. ಗಂಡ ಹೊಲಿಗೆಯಂತ್ರ ರಿಪೇರಿ ಮಾಡುವ ಮಿತಭಾಷಿ. ಬಂದವರೇ ಮಗು ಓದುವ, ಕಾಲು ಮುರಿದ ಮೇಜನ್ನು ತಿರುವಿ ಹಾಕಿಕೊಂಡು ಕೂತುಬಿಟ್ಟರು. ಆಕೆಯ ಕೈಯಲ್ಲಿದ್ದ ನೋಟುಬುಕ್ಕಿನ ಅಂಚಿನ ತುಂಬ ಪೆನ್ಸಿಲಿನ ಗುರುತುಗಳಿದ್ದವು.

‘ಇದೆಲ್ಲ ನೀವು ಬರೆದಿರೋದು,’ ಎಂದರು ಆಕೆ. ‘ಅವಳನ್ನ ಕೇಳಿದೀರಾ?’

ಕೇಳಿರಲಿಲ್ಲ. ಎರಡನೆಯ ಸಲವೂ ಅದೇ ತಪ್ಪು. ಆಕೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೀಟರು ನೋಡುವಷ್ಟೇ ನಿಧಾನವಾಗಿ, ಒಂದೊಂದೇ ಸಾಲು ಓದಿ ಹೌದಾ ಅಲ್ಲವಾ ಎಂದು ಕೇಳತೊಡಗಿದರು. ಅಪ್ಪನಿಗೆ ಆಪರೇಷನ್ ಎಂಬುದು ಅವಳಿಗೆ ಗೊತ್ತಿತ್ತು. ಮಾತ್ರೆ ಹೌದು. ಹಲ್ಲು ಬಿದ್ದುಹೋಗಿತ್ತು. ಕಿವಿಯ ವಿಷಯಕ್ಕೆ ಹುಡುಗಿ ಅಪ್ಪನನ್ನು ದುರುಗುಟ್ಟಿ ನೋಡಿದಳು.

‘ಒಂಬತ್ತನೇ ಪುಟ. ಕತ್ತಲೆಗೆ ಹೆದರುತ್ತಾಳೆ, ದೀಪ ಆರಿಸಬಾರದು.’

‘ಅದು ತಪ್ಪು ಆಂಟಿ,’ ಎಂದಳು ಹುಡುಗಿ. ‘ನಂಗೇನೂ ಭಯ ಇಲ್ಲ. ದೀಪ ಆರಿಸಿದ್ರೆ ಅಪ್ಪಂಗೆ ನಿದ್ದೆ ಬರಲ್ಲ, ಎದ್ದೆದ್ದು ಬಂದು ನಾನು ಉಸಿರಾಡ್ತಿದೀನಾ ಅಂತ ಮೂಗಿನ ಹತ್ರ ಕೈ ಇಡ್ತಾರೆ. ಅದಕ್ಕೇ ನಂಗೆ ಭಯ ಅಂತ ಹೇಳಿದೀನಿ. ದೀಪ ಇದ್ರೆ ಬಾಗಿಲಿಂದಾನೇ ನೋಡಿ ಹೋಗ್ತಾರೆ.’

ಸಾಹೇಬರು ಕಣ್ಣು ತುಂಬಿಕೊಂಡು ಗೋಡೆಯ ಕಡೆ ತಿರುಗಿದರು.

ಆಕೆ ಆ ಸಾಲನ್ನು ಹೊಡೆದುಹಾಕಿ ಕೇಳಿದರು: ‘ಸರಿ ಪುಟ್ಟಾ. ಅಪ್ಪ ಆಸ್ಪತ್ರೆಲಿದ್ದಾಗ ನಮ್ಮನೇಲಿ ದೀಪ ಏನು ಮಾಡೋಣ?’

‘ಆರಿಸಿಬಿಡಿ. ಅಪ್ಪ ಬಂದ್ಮೇಲೆ ಮತ್ತೆ ಹಾಕ್ತೀನಿ.’

ಸೋಮವಾರ ವಕೀಲರ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿಗೆ ಬರೆದುಕೊಟ್ಟರು. ಅಕ್ಕ ಸೊಂಟದ ನೋವನ್ನೂ ಲೆಕ್ಕಿಸದೆ ಬಂದು ಸಾಕ್ಷಿಯ ಸಹಿ ಹಾಕಿದರು. ಆಪರೇಷನ್ನು ಆಯಿತು, ಸಾಹೇಬರು ಬದುಕಿದರು, ಎರಡು ತಿಂಗಳ ಮೇಲೆ ಕೆಲಸಕ್ಕೂ ಮರಳಿದರು. ಒಂಟಿಯಾಗಿ ಮಗುವನ್ನು ಸಾಕುವ ಇಂಥ ಜೀವಗಳು ಲೋಕದಲ್ಲಿ ಅಸಂಖ್ಯ. ತಾವಿಲ್ಲದ ನಾಳೆಯನ್ನು ನೆನೆನೆನೆದು, ಮಗುವನ್ನು ಕಾಯುವವರು ಯಾರಾದರೂ ಸಿಕ್ಕಾರೇ ಎಂದು ಮನೆ ಮನೆಯ ಬಾಗಿಲು ತಟ್ಟುತ್ತಾರೆ. ತಮ್ಮನ್ನು ಕಾಯುವ ಪುಟ್ಟ ಜೀವವೊಂದು ಇಷ್ಟು ಕಾಲವೂ ತಮ್ಮ ಮನೆಯಲ್ಲೇ ಎಚ್ಚರವಾಗಿತ್ತೆಂಬುದು ಅವರಿಗೆ ಗೊತ್ತೇ ಇರುವುದಿಲ್ಲ.